ಮೂರು ಐಎಸ್‌ಡಿಎನ್ ಲೈನು, ಒಂದು ಗೇಟ್‌ವೇ

ನಮ್ಮ ಆಸ್ಪತ್ರೆಯ ಸಭಾಂಗಣಕ್ಕೆ ಈ ವಿಡಿಯೊ ಗೇಟ್‌ವೇ ಅಳವಡಿಸಿದವನು ನಾನೇ. ಒಳಗಿನ ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಎಚ್.323 ಎಂಬ ಮಾದರಿಯಲ್ಲಿ ನಡೆಯುವ ವಿಡಿಯೊ ಕರೆಯನ್ನು ಐಎಸ್‌ಡಿಎನ್, ಅಂದರೆ ಡಿಜಿಟಲ್ ಫೋನ್ ಲೈನಿನ ಮೇಲೆ ಸಾಗುವ ಎಚ್.320 ಮಾದರಿಗೆ ಬದಲಿಸುವುದು ಇದರ ಕೆಲಸ. ಒಂದು ಬಿಆರ್‌ಐ (ಐಎಸ್‌ಡಿಎನ್‌ನ ಮೂಲ ಬಗೆಯ) ಲೈನಿನಲ್ಲಿ 64 ಕೆಬಿಪಿಎಸ್‌ನ (ಸೆಕೆಂಡಿಗೆ 64 ಕಿಲೋಬಿಟ್) ಎರಡು ಚಾನೆಲ್. ಮೂರು ಲೈನು ಕೂಡಿಸಿದರೆ 384. ಅಷ್ಟು ಸಿಕ್ಕರೆ ಮಾತನಾಡುವವರ ಮುಖಭಾವ ಕಾಣುತ್ತದೆ. ಒಂದೇ ಲೈನಿನ 128ರಲ್ಲಿ ಕೈ ಆಡಿಸಿದರೂ ಸಾಕು, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಜೋಡಣೆ ಅರ್ಧ ದಿನದಲ್ಲಿ ಮುಗಿಯಿತು. ಕಾಡಿದ್ದು ಒಂದೇ ದೋಷ: ನಾವು ಕರೆದರೆ 384 ಸಿಗುತ್ತಿತ್ತು, ಹೊರಗಿನವರು ಕರೆದರೆ ಕರೆ ಅರ್ಧಕ್ಕೇ ನಿಂತು ಕಡಿದುಹೋಗುತ್ತಿತ್ತು. ಎರಡು ದಿನ ಕೇಬಲ್, ಎನ್‌ಟಿ ಪೆಟ್ಟಿಗೆ (ಹೊರಗಿನ ಲೈನು ಬಂದು ಸೇರುವ ಪೆಟ್ಟಿಗೆ) ಎಲ್ಲವನ್ನೂ ಅದಲುಬದಲು ಮಾಡಿದೆ. ಕೊನೆಗೆ ಗೇಟ್‌ವೇ ತಾನೇ ಬರೆದಿಡುವ ಕರೆಗಳ ದಾಖಲೆ, ಅಂದರೆ ಲಾಗನ್ನು ಸಾಲು ಸಾಲಾಗಿ ಓದಿದಾಗ ತಿಳಿಯಿತು. ಮೊದಲ ಚಾನೆಲ್ ಸೇರಿದ ಮೇಲೆ ಉಳಿದ ಚಾನೆಲ್‌ಗಳಿಗೆ ಯಾವ ಸಂಖ್ಯೆಗೆ ಡಯಲ್ ಮಾಡಬೇಕೆಂದು ಕರೆ ಸ್ವೀಕರಿಸುವ ಗೇಟ್‌ವೇಯೇ ಎದುರಿನವರಿಗೆ ಹೇಳುತ್ತದೆ. ನಾನು ತುಂಬಿದ್ದ ಎರಡನೇ ಲೈನಿನ ಸಂಖ್ಯೆಯಲ್ಲಿ 6ರ ಜಾಗದಲ್ಲಿ 9 ಕುಳಿತಿತ್ತು!

ಲಾಗನ್ನು ಇಷ್ಟು ಸ್ಪಷ್ಟವಾಗಿ ಬರೆಯುವ ಯಂತ್ರವೆಂದರೆ ನನಗೆ ಅಚ್ಚುಮೆಚ್ಚು. ಕೈಪಿಡಿ ಮಾತ್ರ ಈ ಸಂಖ್ಯೆಗಳ ವಿಷಯವನ್ನು ಅನುಬಂಧಕ್ಕೆ ತಳ್ಳಿದೆ. ಅದು ಮೊದಲ ಪುಟಗಳಲ್ಲೇ ಇರಬೇಕಿತ್ತು. ಕೊಳ್ಳುವವರು ಜೋಡಿಸುವ ಮುನ್ನ ಮೂರೂ ಲೈನುಗಳಿಗೆ ಸಾಮಾನ್ಯ ಫೋನಿನಿಂದ ಒಂದೊಂದಾಗಿ ಕರೆ ಮಾಡಿ, ಸಂಖ್ಯೆಗಳನ್ನು ಲೈನಿನ ಪಕ್ಕದಲ್ಲೇ ಬರೆದು ಅಂಟಿಸಿ.