ಎಂಟು ತಿಂಗಳು ಕಿವಿ ಮಿಷಿನ್ ಹಾಕಿಕೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕಂಪನಿ ಹೆಸರು ಹಾಕುವುದಿಲ್ಲ. ನನ್ನ ಕಿವಿಗೆ ಸರಿಯಾದದ್ದು ನಿಮ್ಮ ಕಿವಿಗೆ ಆಗಬೇಕಂತಿಲ್ಲ. ಕಿವಿಯ ಹಿಂದೆ ಕೂರುವ ಜಾತಿಯದ್ದು, ಕೂದಲೆಳೆಯಂಥ ವಯರು, ತುದಿಯಲ್ಲಿ ಮೆತ್ತನೆಯ ರಬ್ಬರ್ ಟೋಪಿ. ಒಂದಕ್ಕೆ 38,000 ರೂಪಾಯಿ. ಎರಡು ಕಿವಿಗೂ ತೆಗೆದುಕೊಂಡೆ. ಮಗ ಮನಸ್ಸಲ್ಲೇ ಕೂಡಿಸಿ ಸುಮ್ಮನಾದ. ಕಿವಿ ಮಿಷಿನ್‌ಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಯಾರಾದರೂ ಸೇರಿಸಿದ್ದರೆ ಕೇಳಿ.

ನಾನು ಮಂಗಳೂರಿನಲ್ಲಿ 28 ವರ್ಷ ಕನ್ನಡ ಟೀಚರ್ ಆಗಿದ್ದವಳು. ಪದ್ಯ ಬರೆಯುವ ಚಟ ಅದಕ್ಕಿಂತ ಹಳೆಯದು. ಕಿವಿ ಮಂದವಾಗಿದೆ ಅಂತ ಗೊತ್ತಾದದ್ದೂ ಒಂದು ಕವಿಗೋಷ್ಠಿಯಲ್ಲೇ. ಸಮಯ ಮುಗಿದರೆ ಸಣ್ಣ ಗಂಟೆ ಬಾರಿಸುತ್ತಾರಲ್ವಾ, ಮೂರು ಸಲ ಬಾರಿಸಿದರಂತೆ, ನಾನು ಆರಾಮವಾಗಿ ಇನ್ನೂ ಎರಡು ಪದ್ಯ ಓದಿದೆ. ಕವಿಗಳಿಗೆ ಗಂಟೆ ಕೇಳದಿರುವುದು ಹೊಸ ಕಾಯಿಲೆಯೇನಲ್ಲ ಅಂತ ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಮನೆಗೆ ಬಂದು ದೇವರ ಕೋಣೆಯ ಗಂಟೆ ಆಡಿಸಿ ನೋಡಿದೆ. ನಾಲಗೆ ಬಡಿದದ್ದು ಕೇಳಿತು. ಆಮೇಲೆ ಎಳೆಯುವ ಆ ನಾದ ಇರಲಿಲ್ಲ.

ಪರೀಕ್ಷೆ ಮಾಡಿಸಿದಾಗ ಒಂದು ಕಾಗದ ಕೊಟ್ಟರು. ಎಡಗಡೆಯ ದಪ್ಪ ಸದ್ದಿನಿಂದ ಬಲಗಡೆಯ ಕೀರಲು ಸದ್ದಿನವರೆಗೆ, ಅಂದರೆ 250 ಹರ್ಟ್ಸ್‌ನಿಂದ 8000ದವರೆಗೆ ಒಂದು ಗೆರೆ. ಗೆರೆ ಕೆಳಗಿಳಿದಷ್ಟೂ ಕೇಳುವುದು ಕಡಿಮೆ. ನನ್ನದು 1000ದವರೆಗೆ ಬಯಲಲ್ಲಿ ನಡೆದ ಹಾಗೆ ಹೋಗಿ, ಅಲ್ಲಿಂದ ಆಗುಂಬೆ ಘಾಟಿ ಇಳಿದುಬಿಟ್ಟಿದೆ. ಅದರ ಮೇಲೆ ನೇಂದ್ರ ಬಾಳೆಹಣ್ಣಿನ ಆಕಾರ ಬಿಡಿಸಿ, ನಾವು ಆಡುವ ಮಾತಿನ ಸದ್ದೆಲ್ಲ ಇದರ ಒಳಗೆ ಇರುವುದು ಅಂದರು. ಅ, ಓ, ಊ ಎಲ್ಲ ಎಡಗಡೆ. ಸ, ಶ, ಫ ಬಲಗಡೆಯ ತುದಿಯಲ್ಲಿ. ನನ್ನ ಘಾಟಿ ಇರುವುದೂ ಅಲ್ಲೇ.

ಇದು ಉಳಿದವರಿಗೆ ಎಷ್ಟು ತೊಂದರೆಯೋ ಗೊತ್ತಿಲ್ಲ, ಪ್ರಾಸ ಹಿಡಿದು ಬರೆಯುವವಳಿಗೆ ತುಂಬ. ನಮ್ಮ ಹಳೆಯ ಪ್ರಾಸ ನಿಂತಿರುವುದೇ ಸಾಲಿನ ಎರಡನೇ ಅಕ್ಷರದ ವ್ಯಂಜನದ ಮೇಲೆ. ಹಸಿರು, ಬಸಿರು, ಉಸಿರು, ಕೆಸರು. ನಾನೇ ಬರೆದದ್ದನ್ನು ಹಳೆಯ ವಿದ್ಯಾರ್ಥಿನಿ ಫೋನಿನಲ್ಲಿ ಓದಿದರೆ ನಡುವಿನ ಸಕಾರ ಬರೀ ಗಾಳಿ. ಸ್ವರಗಳು ಬರುತ್ತವೆ, ಪ್ರಾಸ ಬರುವುದಿಲ್ಲ. ಬರೆಯುವಾಗ ತೊಂದರೆಯಿಲ್ಲ, ಮನಸ್ಸಿನೊಳಗೆ ಸಕಾರ ಈಗಲೂ ಚೆನ್ನಾಗಿಯೇ ಕೇಳುತ್ತದೆ. ಬೇರೆಯವರ ಬಾಯಿಗೆ ಹೋದ ಕೂಡಲೇ ಮಾಯ. ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟರು, ಯೋಚನೆ ಮಾಡಿ ಬಿಟ್ಟರು. ನನ್ನದನ್ನು ಕಿವಿ ಕೇಳದೆಯೇ ಬಿಡಿಸಲು ಹೊರಟಿತ್ತು.

ಮೊದಲು ಮಾಡಿದ ಮೂರ್ಖತನವನ್ನೂ ಹೇಳುತ್ತೇನೆ. ಆನ್‌ಲೈನ್‌ನಲ್ಲಿ 1,800 ರೂಪಾಯಿಗೆ ಒಂದು ತರಿಸಿದೆ. ಅದು ಎಲ್ಲ ಸದ್ದನ್ನೂ ಒಂದೇ ಸಮ ಏರಿಸುತ್ತದೆ. ನನಗೆ ಮೊದಲೇ ಕೇಳುತ್ತಿದ್ದ ಮಿಕ್ಸಿ, ಬಸ್ಸಿನ ಇಂಜಿನ್ನು ಇನ್ನೂ ಜೋರಾಯಿತು, ಸಕಾರ ಅದರಡಿಗೆ ಸಿಕ್ಕಿ ಸತ್ತಿತು. ದಯವಿಟ್ಟು ತರಿಸಬೇಡಿ.

ಆಮೇಲೆ ಹೋದದ್ದು ಬಲ್ಮಠ ಕಡೆಯ ಒಂದು ಸಣ್ಣ ಅಂಗಡಿಗೆ. ಅಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹುಡುಗಿ ನನ್ನ ಗೆರೆಗೆ ತಕ್ಕ ಹಾಗೆ ಲ್ಯಾಪ್‌ಟಾಪಿನಲ್ಲಿ ಹೊಂದಿಸಿ, ಹತ್ತು ದಿನ ಇಟ್ಟುಕೊಂಡು ನೋಡಿ ಟೀಚರ್, ದುಡ್ಡು ಆಮೇಲೆ ಅಂದಳು. ಇದನ್ನು ನೀವೂ ಕೇಳಿ ತೆಗೆದುಕೊಳ್ಳಿ. ಗಾಜಿನ ಕೋಣೆಯೊಳಗೆ ಎಲ್ಲ ಮಿಷಿನ್ನೂ ಚಿನ್ನ. ನಾನು ನೆಟ್ಟಗೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಹೋಗಿ ಅರ್ಧ ಗಂಟೆ ನಿಂತೆ. ಕಂಡಕ್ಟರ್ ಸೀಟಿ ಊದಿದಾಗ ಬೆಚ್ಚಿಬಿದ್ದೆ, ನಿಜ. ಆದರೆ ಹಿಂದಿನಿಂದ ಯಾರೋ 'ಸ್ವಲ್ಪ ಸರೀರಿ' ಅಂದದ್ದು ಅಷ್ಟೂ ಸಕಾರದ ಸಮೇತ ಕಿವಿಗೆ ಬಿತ್ತು. ಸರಿಯದೆ ಅಲ್ಲೇ ನಿಂತಿದ್ದೆ, ಬೈಸಿಕೊಂಡೆ.

ಮೊದಲ ವಾರ ನಿಮ್ಮ ಸ್ವರ ನಿಮಗೇ ಕೊಡಪಾನದೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಟೋಪಿ ಬದಲಿಸಿದರು, ತೂತು ಇರುವಂಥದ್ದು ಹಾಕಿದರು, ಮುಕ್ಕಾಲು ಪಾಲು ಸರಿಹೋಯಿತು. ಮೊಮ್ಮಗಳು ಕುತ್ತಿಗೆಗೆ ಜೋತುಬಿದ್ದರೆ ಮಿಷಿನ್ ಕುಯ್ಯೆನ್ನುತ್ತದೆ. ಅವಳಿಗೆ ಅದೇ ಆಟ.

ಈಗ ನನ್ನ ದೊಡ್ಡ ದೂರು. ಜೂನ್ ಬಂತು. ನಮ್ಮದು ಹಂಚಿನ ಮಾಡು. ಮೊದಲ ಮಳೆಗೆ ಚಾವಡಿಯಲ್ಲಿ ಕುರ್ಚಿ ಹಾಕಿ ಕೂತೆ, ಹೊಸ ಕಿವಿಯಲ್ಲಿ ಕೇಳಬೇಕಲ್ಲ ಅಂತ. ಶುರುವಾದಾಗ ಒಂದೆರಡು ಕ್ಷಣ ಚೆನ್ನಾಗಿ ಕೇಳಿತು, ಪಟಪಟ ಅಂತ, ಮತ್ತೆ ಯಾರೋ ಬಾಗಿಲು ಎಳೆದುಕೊಂಡ ಹಾಗೆ ಮೆಲ್ಲನೆ ಹಿಂದೆ ಸರಿಯಿತು. ಅಂಗಳದಲ್ಲಿ ನೀರು ಕುಣಿಯುತ್ತಿದೆ, ಕಿವಿಯಲ್ಲಿ ಅರ್ಧ ಮಳೆ. ಮಿಷಿನ್ ತೆಗೆದರೆ ಹಂಚಿನ ಮೇಲಿನ ದಡದಡ ಪೂರ್ತಿ ಬರುತ್ತದೆ, ಆದರೆ ಸೂರಿನಿಂದ ಬೀಳುವ ಸಣ್ಣ ಹನಿಯ ಟಪ್ ಇಲ್ಲ. ಒಂದೇ ಸಮ ಬರುವ ಸದ್ದನ್ನೆಲ್ಲ ಈ ಮಿಷಿನ್ ಗದ್ದಲ ಅಂತ ಲೆಕ್ಕ ಹಾಕಿ ತಗ್ಗಿಸುತ್ತದಂತೆ. ಫ್ಯಾನು, ಎಸಿ, ಮಳೆ, ಅದಕ್ಕೆ ಎಲ್ಲ ಒಂದೇ. ತಯಾರಿಸಿದವರು ಕರಾವಳಿಯಲ್ಲಿ ಜಡಿಮಳೆಯ ಒಂದು ಆಟಿ ತಿಂಗಳು ಕಳೆದಿಲ್ಲ ಅಂತ ಕಾಣುತ್ತದೆ.

ಮರುದಿನವೇ ಅಂಗಡಿಗೆ ಹೋದೆ. ಹುಡುಗಿ ಎರಡನೇ ಪ್ರೋಗ್ರಾಂ ಮಾಡಿ, ಅದರಲ್ಲಿ ಗದ್ದಲ ತಗ್ಗಿಸುವುದನ್ನು ಆಫ್ ಮಾಡಿ ಕೊಟ್ಟಳು. ಗುಂಡಿ ಒತ್ತಿದರೆ ಮಳೆ. 'ಫ್ಯಾನಿನ ಸದ್ದೂ ಬರ್ತದೆ ಆಯ್ತಾ, ಆಮೇಲೆ ನನಗೆ ಬೈಬೇಡಿ' ಅಂದಳು. ಯಕ್ಷಗಾನಕ್ಕೆ ಮೂರನೆಯದು. ಭಾಗವತರು ಉದ್ದಕ್ಕೆ ಎಳೆದಾಗ ಹಾರ್ಮೋನಿಯಂ ಶ್ರುತಿ ನಡುಗುತ್ತಿತ್ತು. ಕುಯ್ಯೆನ್ನದಂತೆ ತಡೆಯುವ ವ್ಯವಸ್ಥೆಯೊಂದು ಒಳಗೆ ಇರುತ್ತದೆ, ಅದು ಶ್ರುತಿಯನ್ನೂ ತನ್ನದೇ ಕುಯ್ ಅಂದುಕೊಳ್ಳುತ್ತದೆ. ಅದನ್ನೂ ಸಡಿಲ ಮಾಡಿದಳು. ಒಟ್ಟು ಐದು ಸಲ ಹೋದೆ, ಒಂದು ಸಲವೂ ಮುಖ ಸಿಂಡರಿಸಲಿಲ್ಲ, ಒಂದು ಪೈಸೆ ಕೇಳಲಿಲ್ಲ. ನಾನು 76,000 ಕೊಟ್ಟದ್ದರಲ್ಲಿ ಅರ್ಧ ಇದಕ್ಕೇ ಅಂತ ಇಟ್ಟುಕೊಳ್ಳಿ. ಇನ್ನೊಂದು ದೊಡ್ಡ ಅಂಗಡಿಗೂ ಮೊದಲು ಹೋಗಿದ್ದೆ, ಅಲ್ಲಿ ಹದಿನೈದು ನಿಮಿಷದಲ್ಲಿ ಕಿವಿಗೆ ಸಿಕ್ಕಿಸಿ ಇಎಂಐ ಫಾರ್ಮು ಮುಂದಿಟ್ಟರು.

ಬ್ಯಾಟರಿ 312 ನಂಬರಿನದು, ಕಂದು ಸ್ಟಿಕ್ಕರ್. ಸ್ಟಿಕ್ಕರ್ ಕಿತ್ತ ಕೂಡಲೇ ಹಾಕಬೇಡಿ, ಒಂದು ನಿಮಿಷ ಗಾಳಿ ಕುಡಿಯಲು ಬಿಡಿ, ಗಾಳಿಯಿಂದಲೇ ಅದು ನಡೆಯುವುದು. ನನಗೆ ಒಂದು ವಾರ ಬರುತ್ತದೆ. ನಮ್ಮೂರಿನ ಬೆವರು, ಥಂಡಿ ಎರಡೂ ಇದಕ್ಕೆ ಆಗುವುದಿಲ್ಲ. ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಬೇಕು, ಬ್ಯಾಟರಿ ಹೊರಗೆ ತೆಗೆದು. ಜುಲೈಯಲ್ಲಿ ಎರಡು ದಿನ ಮರೆತೆ, ಬಲಗಡೆಯದ್ದು ಮೂಕವಾಯಿತು.

ದುಡ್ಡಿನ ಕಷ್ಟ ಇರುವವರು ಅಂಗವಿಕಲರಿಗೆ ಇಂಥ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ ವಿಚಾರಿಸಿ. ಆದಾಯದ ಮಿತಿ ಉಂಟು, 40 ಶೇಕಡಾ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು.

ಐದಕ್ಕೆ ಮಿಷಿನ್‌ಗೆ ಮೂರೂವರೆ, ಹುಡುಗಿಗೆ ಐದು. ಮೊನ್ನೆಯ ಕವಿಗೋಷ್ಠಿಯಲ್ಲಿ ಗಂಟೆ ಮೊದಲ ಸಲಕ್ಕೇ ಕೇಳಿತು. ಒಂದೇ ಪದ್ಯ ಬಾಕಿ ಇತ್ತು, ಓದಿಯೇ ಇಳಿದೆ.