ಕಾರಣ ಸಿಗದ ನರದ ತೊಂದರೆ: ದಾವಣಗೆರೆಯ ಒಂದು ನರರೋಗ ಚಿಕಿತ್ಸಾಲಯದ ಸೇವೆ ಹೇಗಿದೆ?

1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿಗಳ ಜನರಿಗೆ ದಾವಣಗೆರೆ ಆಸ್ಪತ್ರೆಯ ಊರಾಗಿದೆ. ಮೂಳೆ ಮುರಿದವರು, ಹೆರಿಗೆಗೆ ಬಂದವರು, ಕಲ್ಲಿನ ನೋವಿನವರು ಎಲ್ಲಿಗೆ ಹೋಗಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಕೈಕಾಲಿನ ಜೋಮು ತಿಂಗಳುಗಟ್ಟಲೆ ಇಳಿಯದೆ, ಒಮ್ಮೊಮ್ಮೆ ಹೆಜ್ಜೆ ತಪ್ಪುತ್ತಾ, ಮಾಡಿಸಿದ ರಕ್ತಪರೀಕ್ಷೆಗಳಲ್ಲಿ ಏನೂ ಕಾಣದೆ ಉಳಿದವರು ಯಾರ ಬಳಿ ಹೋಗಬೇಕು, ಹೋದ ಮೇಲೆ ಏನನ್ನು ನಿರೀಕ್ಷಿಸಬೇಕು ಎಂಬುದು ಇಂದಿಗೂ ಬಾಯಿಂದ ಬಾಯಿಗೆ ಹರಡುವ ಮಾತಾಗಿಯೇ ಇದೆ. ಆ ಕಾರಣಕ್ಕಾಗಿ ನಗರದ ಒಂದು ಖಾಸಗಿ ನರರೋಗ ಚಿಕಿತ್ಸಾಲಯದಲ್ಲಿ ನಾನು ಪಡೆದ, ಈಗಲೂ ಪಡೆಯುತ್ತಿರುವ ಸೇವೆಯ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ. ಚಿಕಿತ್ಸಾಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಓದುವವರು ಯಾವ ನರರೋಗ ತಜ್ಞರ ಬಳಿ ಹೋದರೂ ಈ ವಿವರಗಳನ್ನು ಮುಂದಿಟ್ಟುಕೊಂಡು ಅಲ್ಲಿನ ಸೇವೆಯನ್ನು ತೂಗಿ ನೋಡಲಿ ಎಂಬುದು ನನ್ನ ಆಸೆ.

ನಾನು ಪ್ರೌಢಶಾಲೆಯ ಶಿಕ್ಷಕಿ. ಎರಡೂ ಪಾದಗಳಲ್ಲಿ ಇರುವೆ ಹರಿದಂತಾಗುವುದು, ಬಲಗೈಯ ಬೆರಳುಗಳು ಮರಗಟ್ಟಿ ಸೀಮೆಸುಣ್ಣ ಜಾರುವುದು, ಕತ್ತು ಬಗ್ಗಿಸಿದಾಗ ಬೆನ್ನುಹುರಿಯ ಉದ್ದಕ್ಕೂ ಕರೆಂಟು ಹರಿದಂತಾಗುವುದು ನನ್ನ ತೊಂದರೆಗಳು. ಇವುಗಳಿಗೆ ಇನ್ನೂ ರೋಗನಿರ್ಣಯವಾಗಿಲ್ಲ. ಇಂಥ ಸ್ಥಿತಿಯಲ್ಲಿರುವವರಿಗೆ ಒಳ್ಳೆಯ ಸೇವೆ ಎಂದರೆ ಬೇಗ ಒಂದು ಹೆಸರು ಹೇಳಿ ಕಳಿಸುವುದಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಮುಂದಿನ ದಾರಿಯನ್ನು ಬರೆದು ಕೊಡುವುದು. ಈ ಒಂದು ವಿಷಯದಲ್ಲಿ ಈ ಚಿಕಿತ್ಸಾಲಯ ನಾನು ಕಂಡ ಇತರ ಕಡೆಗಳಿಗಿಂತ ಬಹಳ ಮುಂದಿದೆ.

ಮೊದಲ ಭೇಟಿಯಲ್ಲಿ ವೈದ್ಯರು ನನ್ನ ಕಡತದ ವರದಿಗಳನ್ನು ಪಕ್ಕಕ್ಕಿಟ್ಟು, ತೊಂದರೆ ಯಾವ ಬೆರಳಿನಲ್ಲಿ ಶುರುವಾಯಿತು, ಎಷ್ಟು ದಿನಗಳಲ್ಲಿ ಎಲ್ಲಿಗೆ ಏರಿತು, ಸ್ನಾನದ ಬಿಸಿನೀರಿಗೆ ಹೆಚ್ಚಾಗುತ್ತದೆಯೇ, ಮೂತ್ರ ಹಿಡಿದಿಡಲು ಕಷ್ಟವಾಗುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ನಡೆದ ಪರೀಕ್ಷೆಯಲ್ಲಿ ಯಂತ್ರವೇ ಇರಲಿಲ್ಲ. 128 ಹರ್ಟ್ಸ್ ಕಂಪನದ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೀಟಿ ಕಾಲಿನ ಹೆಬ್ಬೆರಳಿನ ಗೆಣ್ಣಿನ ಮೇಲಿಟ್ಟು, ಕಂಪನ ನಿಂತ ಕೂಡಲೇ ಹೇಳಬೇಕೆಂದರು. ನಾನು ನಿಂತಿತೆಂದಾಗ ಅದೇ ಕವೆಯನ್ನು ತಮ್ಮ ಬೆರಳಿಗೆ ಮುಟ್ಟಿಸಿಕೊಂಡು, ಅದು ಇನ್ನೂ ಕಂಪಿಸುತ್ತಿದೆ ಎಂದು ಕಡತದಲ್ಲಿ ಬರೆದುಕೊಂಡರು. ಪಾದಗಳನ್ನು ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸಿದಾಗ ನಾನು ಪಕ್ಕಕ್ಕೆ ವಾಲಿದೆ. ಹಿಮ್ಮಡಿಗೆ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಸಿದರು, ಅಂಗಾಲಿನ ಅಂಚನ್ನು ಗೀರಿ ಹೆಬ್ಬೆರಳು ಮೇಲಕ್ಕೆ ಹೋಗುತ್ತದೋ ಕೆಳಕ್ಕೆ ಬಾಗುತ್ತದೋ ಎಂದು ನೋಡಿದರು. ತೊಂದರೆ ಮೆದುಳಿನಲ್ಲಿದೆಯೋ, ಬೆನ್ನುಹುರಿಯಲ್ಲಿದೆಯೋ, ಕೈಕಾಲುಗಳಿಗೆ ಹೋಗುವ ನರಗಳಲ್ಲಿದೆಯೋ ಎಂಬುದನ್ನು ಇಷ್ಟರಿಂದಲೇ ಬಹುಮಟ್ಟಿಗೆ ಊಹಿಸಬಹುದು, ಯಾವ ಭಾಗದ ಸ್ಕ್ಯಾನ್ ಮಾಡಿಸಬೇಕೆಂಬುದೂ ಇದರಿಂದಲೇ ತೀರ್ಮಾನವಾಗುತ್ತದೆ. ಮುಟ್ಟದೆಯೇ ಎಂಆರ್‌ಐ ಬರೆದುಕೊಟ್ಟ ಕಡೆಗೆ ಹೋಗಿ ಬಂದಿದ್ದ ನನಗೆ ಈ ವ್ಯತ್ಯಾಸ ದೊಡ್ಡದಾಗಿ ಕಂಡಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಜೋಮು ಎಂದು ಹೇಳಿದ ಕೂಡಲೇ ‘ನರದ ವೀಕ್ನೆಸ್ಸು’ ಎಂದು ಕೆಂಪು ಬಣ್ಣದ ಇಂಜೆಕ್ಷನ್ ಚುಚ್ಚಿ ಕಳಿಸುವುದು ರೂಢಿಯಾಗಿದೆ. ಬಿ12 ಕೊರತೆಯಿಂದ ಜೋಮು ಬರುವುದು ನಿಜ. ಮಾಂಸ, ಮೊಟ್ಟೆ ತಿನ್ನದವರಲ್ಲಿಯೂ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿಯೂ ಈ ಕೊರತೆ ಕಾಣಿಸಿಕೊಳ್ಳುತ್ತದೆ. ಆದರೆ ರಕ್ತ ತೆಗೆಯುವುದಕ್ಕೆ ಮೊದಲೇ ಇಂಜೆಕ್ಷನ್ ಹಾಕಿಬಿಟ್ಟರೆ ಬಿ12 ಪ್ರಮಾಣ ಏರಿ, ಮೊದಲಿದ್ದ ಕೊರತೆ ವರದಿಯಲ್ಲಿ ಮುಚ್ಚಿಹೋಗುತ್ತದೆ. ಈ ಚಿಕಿತ್ಸಾಲಯದಲ್ಲಿ ಬಿ12, ಥೈರಾಯ್ಡ್ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಗೆ ಮೊದಲು ರಕ್ತ ತೆಗೆದುಕೊಂಡು, ನಂತರವೇ ಔಷಧದ ಮಾತು ಎತ್ತಿದರು.

ನರಗಳಲ್ಲಿ ಸಂಕೇತ ಹರಿಯುವ ವೇಗವನ್ನು ಅಳೆಯುವ ಎನ್‌ಸಿಎಸ್ ಪರೀಕ್ಷೆ ಅದೇ ಕಟ್ಟಡದಲ್ಲಿ ನಡೆಯುತ್ತದೆ. ಅಲ್ಲಿನ ತಂತ್ರಜ್ಞೆಯ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಿಂದಿನ ದಿನವೇ ಫೋನ್ ಮಾಡಿ, ಕೈಕಾಲುಗಳಿಗೆ ಎಣ್ಣೆ, ಕ್ರೀಮು ಹಚ್ಚಿಕೊಂಡು ಬರಬೇಡಿ ಎಂದು ತಿಳಿಸಿದ್ದರು. ಚಳಿಗಾಲದ ಬೆಳಗ್ಗೆ ಆಟೋದಲ್ಲಿ ಬಂದಿದ್ದ ನನ್ನ ಅಂಗೈ ಮುಟ್ಟಿ ನೋಡಿ, “ಭಾಳ ತಣ್ಣಗದಾವೆ ಅಕ್ಕಾ, ಈಗ ಮಾಡಿದ್ರೆ ರಿಪೋರ್ಟ್ ತಪ್ಪು ಬರ್ತೈತಿ” ಎಂದು ಹೇಳಿ, ಬಿಸಿನೀರಿನ ಚೀಲದ ಮೇಲೆ ಕೈಗಳನ್ನು ಇಡಿಸಿ ಕಾಯಿಸಿದರು. ಇದು ಉಪಚಾರದ ಮಾತಲ್ಲ. ಕೈಯ ಚರ್ಮದ ಉಷ್ಣತೆ ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ, ಒಂದೊಂದು ಡಿಗ್ರಿ ಇಳಿದಂತೆಲ್ಲ ವೇಗವೂ ಸೆಕೆಂಡಿಗೆ ಸುಮಾರು 2 ಮೀಟರ್‌ನಷ್ಟು ಕಡಿಮೆಯಾಗುತ್ತದೆ. ತೋಳಿನ ನರದಲ್ಲಿ ಸೆಕೆಂಡಿಗೆ 50 ಮೀಟರ್‌ಗಿಂತ ಹೆಚ್ಚು, ಕಾಲಿನಲ್ಲಿ 40 ಮೀಟರ್‌ಗಿಂತ ಹೆಚ್ಚು ಇರುವುದು ಸಹಜವೆಂದು ಲೆಕ್ಕ ಹಾಕುವಾಗ, ತಣ್ಣನೆಯ ಕೈಯಿಂದಲೇ ಇಲ್ಲದ ರೋಗವೊಂದು ವರದಿಯಲ್ಲಿ ಹುಟ್ಟಿಕೊಳ್ಳಬಹುದು. ಪ್ರತಿ ಸಲ ಕರೆಂಟು ಕೊಡುವ ಮೊದಲು ಅವರು ಹೇಳುತ್ತಿದ್ದರು. ಮೊಣಕೈ ಹತ್ತಿರದ ಕೆಲವು ಚುರುಕುಗಳು ನಿಜವಾಗಿಯೂ ನೋಯುತ್ತವೆ, ಆದರೆ ತಡೆದುಕೊಳ್ಳಲಾಗದಷ್ಟೇನಲ್ಲ.

ನನ್ನ ಎನ್‌ಸಿಎಸ್ ವರದಿ ಸಹಜವೆಂದೇ ಬಂತು. ನಗರದ ಬೇರೊಂದು ಸ್ಕ್ಯಾನ್ ಕೇಂದ್ರದಲ್ಲಿ ಮೊದಲೇ ಮಾಡಿಸಿದ್ದ ಮೆದುಳಿನ ಎಂಆರ್‌ಐ ಕೂಡ ಸಹಜವಾಗಿತ್ತು. ಅಲ್ಲಿನ ಕೌಂಟರಿನಲ್ಲಿ “ಏನೂ ಇಲ್ಲರೀ, ನಾರ್ಮಲ್ ಐತಿ, ಆರಾಮಾಗಿರ್ರಿ” ಎಂದು ಹೇಳಿ ಲಕೋಟೆ ಕೊಟ್ಟಿದ್ದರು. ಆ ಮಾತು ಕೇಳಿದ ಮನೆಯವರು ನನ್ನ ತೊಂದರೆಯನ್ನೇ ಅನುಮಾನದಿಂದ ನೋಡತೊಡಗಿದ್ದರು. ಈ ಚಿಕಿತ್ಸಾಲಯದ ವೈದ್ಯರು ನನ್ನ ಜೊತೆ ಬಂದಿದ್ದ ತಂಗಿಯನ್ನೂ ಕೂರಿಸಿಕೊಂಡು ವಿವರಿಸಿದರು. ಮೆದುಳಿನ ಸ್ಕ್ಯಾನಿನಲ್ಲಿ ಬೆನ್ನುಹುರಿ ಪೂರ್ತಿಯಾಗಿ ಕಾಣುವುದಿಲ್ಲ. ಎನ್‌ಸಿಎಸ್ ದಪ್ಪ ನರತಂತುಗಳನ್ನು ಮಾತ್ರ ಅಳೆಯುತ್ತದೆ, ಉರಿ ಮತ್ತು ನೋವನ್ನು ಒಯ್ಯುವ ಸಣ್ಣ ತಂತುಗಳು ಕೆಟ್ಟಿದ್ದರೂ ಅದರಲ್ಲಿ ತಿಳಿಯುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯನ್ನು ಗುರುತಿಸಲು 2001ರಲ್ಲಿ ರೂಪುಗೊಂಡು ಹಲವು ಸಲ ಪರಿಷ್ಕೃತವಾದ ಮ್ಯಾಕ್‌ಡೊನಾಲ್ಡ್ ಮಾನದಂಡಗಳು ನರವ್ಯೂಹದ ಬೇರೆ ಬೇರೆ ಜಾಗಗಳಲ್ಲಿ ಹಾನಿ ಆಗಿರುವ ಪುರಾವೆಯನ್ನು ಕೇಳುತ್ತವೆ, ಬೇರೆ ಬೇರೆ ಕಾಲದಲ್ಲಿ ಆಗಿದೆ ಎಂಬುದನ್ನೂ ನೋಡುತ್ತವೆ. ಹಾಗಾಗಿ ಕೆಲವರಲ್ಲಿ ಕಾದು ನೋಡುವುದು ನಿರ್ಲಕ್ಷ್ಯವಲ್ಲ, ರೋಗನಿರ್ಣಯದ ಒಂದು ಭಾಗ. ಕತ್ತು ಬಗ್ಗಿಸಿದಾಗಿನ ಕರೆಂಟಿನ ಅನುಭವ ಕುತ್ತಿಗೆಯ ಬೆನ್ನುಹುರಿಯತ್ತ ಬೊಟ್ಟು ಮಾಡುತ್ತದೆ ಎಂದು ಆ ಭಾಗದ ಎಂಆರ್‌ಐ ಬರೆದುಕೊಟ್ಟರು, ಫಿಲ್ಮಿನ ಜೊತೆಗೆ ಸಿಡಿಯನ್ನೂ ಕೇಳಿ ಪಡೆಯಿರಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ ಎಂದರು.

ಇದೆಲ್ಲ ಟೆನ್ಷನ್ನಿನಿಂದ ಬಂದಿದ್ದಿರಬಹುದೇ ಎಂದು ತಂಗಿ ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ಈಗಲೂ ಧೈರ್ಯ ಕೊಡುತ್ತದೆ. ನರವ್ಯೂಹದ ರಚನೆ ಸರಿಯಿದ್ದು ಅದರ ಕಾರ್ಯವೈಖರಿ ಮಾತ್ರ ತಪ್ಪುವ ಕಾಯಿಲೆಗಳಿವೆ, ಅವು ನಟನೆಯಲ್ಲ, ಚಿಕಿತ್ಸೆಗೆ ಬಗ್ಗುವಂಥವು. ಆದರೆ ವರದಿಗಳು ಸಹಜವಾಗಿವೆ ಎಂಬ ಒಂದೇ ಕಾರಣಕ್ಕೆ ಆ ನಿರ್ಣಯಕ್ಕೆ ಬರುವಂತಿಲ್ಲ, ಅದಕ್ಕೂ ದೇಹದ ಪರೀಕ್ಷೆಯಲ್ಲಿ ತನ್ನದೇ ಆದ ಗುರುತುಗಳು ಸಿಗಬೇಕು ಎಂದರು. “ಟೀಚರಮ್ಮ, ನಿಮ್ಗೆ ಆಗ್ತಿರೋದು ನಿಜ. ಯಾಕೆ ಅನ್ನೋದು ನಮಗಿನ್ನೂ ಗೊತ್ತಿಲ್ಲ, ಹುಡುಕ್ತೀವಿ,” ಎಂದರು.

ಪ್ರತಿ ಭೇಟಿಯ ಕೊನೆಯಲ್ಲಿ ಕನ್ನಡದಲ್ಲಿಯೇ ಬರೆದ ಒಂದು ಹಾಳೆ ಕೈಗೆ ಸಿಗುತ್ತದೆ. ಈವರೆಗೆ ಯಾವ ಯಾವ ಕಾಯಿಲೆಗಳು ಇಲ್ಲವೆಂದು ಖಚಿತವಾಗಿದೆ, ಯಾವುದನ್ನು ಇನ್ನೂ ನೋಡಬೇಕಿದೆ, ಮುಂದಿನ ಭೇಟಿ ಯಾವಾಗ ಎಂಬುದು ಅದರಲ್ಲಿರುತ್ತದೆ. ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಕಾಯಿಲೆಗಳ ಹೆಸರು ಹುಡುಕುತ್ತಾ ಬೆಳಗು ಮಾಡುತ್ತಿದ್ದ ನನಗೆ ಈ ಹಾಳೆ ಮಾತ್ರೆಗಿಂತ ಹೆಚ್ಚು ಉಪಕಾರ ಮಾಡಿದೆ. ಹೆದರಿಕೆಯಾದಾಗ ಅದನ್ನು ತೆಗೆದು ಓದುತ್ತೇನೆ. ತೊಂದರೆ ಕಾಣಿಸಿಕೊಂಡ ದಿನ, ಹೊತ್ತು, ಎಷ್ಟು ಸಮಯ ಇತ್ತು, ಅದರಿಂದ ಯಾವ ಕೆಲಸ ನಿಂತಿತು ಎಂದಷ್ಟೇ ಬರೆದಿಡಲು ಹೇಳಿದ್ದಾರೆ. ದಿನವಿಡೀ ಮೈಯನ್ನೇ ಗಮನಿಸುತ್ತಾ ಕೂರಬಾರದೆಂದೂ ಎಚ್ಚರಿಸಿದ್ದಾರೆ. ಸೆಳೆತ, ಅದುರು, ನಡಿಗೆಯ ಏರುಪೇರುಗಳಿದ್ದವರು ಮನೆಯವರಿಂದ ವಿಡಿಯೊ ಮಾಡಿಸಿ ತಂದರೆ, ಕೊಠಡಿಯಲ್ಲಿ ಕಾಣಿಸದ ಲಕ್ಷಣವೂ ವೈದ್ಯರ ಕಣ್ಣಿಗೆ ಬೀಳುತ್ತದೆ.

ಇಷ್ಟು ಚೆನ್ನಾಗಿರುವ ಒಳಕೋಣೆಗೆ ಹೊರಗಿನ ಕೌಂಟರ್ ಹೊಂದುವುದಿಲ್ಲ. ತುಂಬಿದ ಸಭಾಂಗಣದಲ್ಲಿ “ಫಿಟ್ಸ್ ಪೇಷೆಂಟ್ ಯಾರ್ರೀ, ಬರ್ರಿ ಒಳಗೆ” ಎಂದು ಕೂಗಿ ಕರೆಯುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಎದ್ದು ನಿಂತದ್ದು ಮದುವೆ ವಯಸ್ಸಿನ ಹುಡುಗಿ, ಜೊತೆಗಿದ್ದ ತಾಯಿ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಅಪಸ್ಮಾರದ ಬಗ್ಗೆ ನಮ್ಮ ಸಮಾಜದಲ್ಲಿ ಇನ್ನೂ ಎಷ್ಟು ಹಿಂಜರಿಕೆಯಿದೆ ಎಂದು ನರರೋಗ ಚಿಕಿತ್ಸಾಲಯದವರಿಗೆ ಬೇರೆ ಹೇಳಬೇಕೇ? ಟೋಕನ್ ಸಂಖ್ಯೆ ಕೊಡುತ್ತಾರೆ, ಅದನ್ನೇ ಕೂಗಿದರೆ ಸಾಕು. ಇದನ್ನು ಅಲ್ಲಿನ ಪುಸ್ತಕದಲ್ಲಿ ಬರೆದು ಬಂದಿದ್ದೇನೆ, ಬದಲಾವಣೆ ಇನ್ನೂ ಕಂಡಿಲ್ಲ. ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿರುವುದು ಎರಡನೆಯ ದೊಡ್ಡ ಕೊರತೆ. ನಡಿಗೆ ತಪ್ಪಿದವರೂ ಲಕ್ವ ಹೊಡೆದವರೂ ಬರುವ ಜಾಗದಲ್ಲಿ ಒಂದೇ ಬದಿಗೆ ಕಂಬಿಯಿರುವ ಕಡಿದಾದ ಮೆಟ್ಟಿಲುಗಳು ಅಪಾಯಕಾರಿ. ಬೆಳಗಿನ ಟೋಕನ್ ಪಡೆದರೂ ಮಧ್ಯಾಹ್ನದವರೆಗೆ ಕಾಯಬೇಕಾಗುತ್ತದೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು.

ಸಮಾಲೋಚನೆಗೆ 600 ರೂಪಾಯಿ, ಕೈಕಾಲುಗಳ ಎನ್‌ಸಿಎಸ್‌ಗೆ 3,500 ರೂಪಾಯಿ ತೆತ್ತಿದ್ದೇನೆ, ಎರಡಕ್ಕೂ ಕೇಳದೆಯೇ ರಸೀದಿ ಕೊಟ್ಟರು. ಕುತ್ತಿಗೆಯ ಸ್ಕ್ಯಾನಿನ ನಂತರವೂ ಕಾರಣ ತಿಳಿಯದಿದ್ದರೆ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುವುದಾಗಿ ಹೇಳಿ, ಈವರೆಗಿನ ಪರೀಕ್ಷೆಗಳ ಸಾರಾಂಶವನ್ನು ಎರಡು ಪುಟಗಳಲ್ಲಿ ಈಗಲೇ ಸಿದ್ಧಪಡಿಸಿ ಕೊಟ್ಟಿದ್ದಾರೆ. ರೋಗಿಯನ್ನು ತಮ್ಮಲ್ಲಿಯೇ ಹಿಡಿದಿಟ್ಟುಕೊಳ್ಳಲು ನೋಡದ ಈ ನಡೆಯನ್ನು ನಾನು ಗೌರವಿಸುತ್ತೇನೆ. ಒಟ್ಟು ಐದು ನಕ್ಷತ್ರಗಳಲ್ಲಿ ನಾಲ್ಕನ್ನು ಕೊಡುತ್ತೇನೆ. ಉಳಿದ ಒಂದು ಕೌಂಟರಿಗೂ ಮೆಟ್ಟಿಲಿಗೂ ಹೋಯಿತು.

ಇದು ಸಂಜೆಗೆ ಬಾಗಿಲು ಹಾಕುವ ಹೊರರೋಗಿಗಳ ಚಿಕಿತ್ಸಾಲಯ ಎಂಬುದನ್ನು ಮಾತ್ರ ಮರೆಯಬಾರದು. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲಿನ ಶಕ್ತಿ ಹೋದರೆ, ಮಾತು ತೊದಲಿದರೆ ಇಲ್ಲಿನ ಟೋಕನ್ನಿಗೆ ಕಾಯದೆ ಸಿಟಿ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರವಾಗಿ ಹೋಗಬೇಕು, ಏಕೆಂದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗುತ್ತದೆ. ಕಾಲಿನಿಂದ ಶುರುವಾದ ನಿಶ್ಶಕ್ತಿ ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ, ಉಸಿರಾಟ ಅಥವಾ ನುಂಗುವುದು ಕಷ್ಟವಾದರೆ, ತೊಡೆಯ ಸಂದಿ ಮರಗಟ್ಟಿ ಮಲಮೂತ್ರದ ಹಿಡಿತ ತಪ್ಪಿದರೆ ಆಗಲೂ ಹಾಗೆಯೇ ಹೋಗಬೇಕು. ಈ ಸಾಲುಗಳು ನನ್ನ ಹಾಳೆಯ ಕೆಳಭಾಗದಲ್ಲಿ ಕೆಂಪು ಶಾಯಿಯಲ್ಲಿವೆ. ಅದರ ಒಂದು ಪ್ರತಿಯನ್ನು ತಂಗಿಯ ಮನೆಯಲ್ಲಿಯೂ ಇಟ್ಟಿದ್ದೇವೆ.