ಗುಡ್ಡ ಹತ್ತುವ ಟ್ರಕ್‌ಗೆ ಕಡಿಮೆ ಸ್ಟಾಲ್‌ನ ಟಾರ್ಕ್ ಕನ್ವರ್ಟರ್: ದೀರ್ಘ ಬಳಕೆಯ ನಂತರ

ಕೊಲೊರಾಡೊದಲ್ಲಿ ನಾನು ಓಡಿಸುವುದು 1985ರ ಷೆವ್ರೊಲೆ ಕೆ10. 5.7 ಲೀಟರ್ ವಿ8 ಎಂಜಿನ್, 700ಆರ್4 ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್, 33 ಇಂಚಿನ ಟಯರು. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಈ ಗೇರ್‌ಬಾಕ್ಸಿಗೆ ದಾಟಿಸುವುದೇ ಟಾರ್ಕ್ ಕನ್ವರ್ಟರ್. ಚಕ್ರ ಅಲುಗದಂತೆ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ಏರಬಲ್ಲ ವೇಗವೇ ಅದರ ಸ್ಟಾಲ್. ಹಿಂದಿನ ಮಾಲೀಕರು ಇದಕ್ಕೆ 3000 ಆರ್‌ಪಿಎಂ ಸ್ಟಾಲ್‌ನ ರೇಸಿಂಗ್ ಕನ್ವರ್ಟರ್ ಹಾಕಿಸಿದ್ದರು. ಊರೊಳಗೆ ಸಿಗ್ನಲ್ ಬಿಟ್ಟೊಡನೆ ಜಿಗಿಯುತ್ತಿತ್ತು. ಬಂಡೆಯ ಮೆಟ್ಟಿಲು ಎದುರಾದರೆ ಎಂಜಿನ್ ಅರಚುವುದೇ ಹೆಚ್ಚು. ಚಕ್ರ ಅಲುಗುವಷ್ಟರಲ್ಲಿ ಗೇರ್‌ಬಾಕ್ಸ್‌ನ ಎಣ್ಣೆ ಕುದಿಯುವಂತಾಗುತ್ತಿತ್ತು. ಕನ್ವರ್ಟರ್ ಒಳಗೆ ಜಾರಿದ ಶಕ್ತಿಯೆಲ್ಲ ಶಾಖವಾಗಿ ಎಣ್ಣೆಗೇ ಸೇರುತ್ತದೆ.

ಅದನ್ನು ತೆಗೆಸಿ ಸುಮಾರು 1800 ಆರ್‌ಪಿಎಂ ಸ್ಟಾಲ್‌ನದನ್ನು ಹಾಕಿಸಿದೆ. ಈಗ ಲೋ ರೇಂಜ್‌ನಲ್ಲಿ (ನಾಲ್ಕು ಚಕ್ರದ ಚಾಲನೆಯ ನಿಧಾನದ ಗೇರಿನಲ್ಲಿ) ಆಕ್ಸಿಲರೇಟರಿಗೆ ಕಾಲು ತಾಗಿಸಿದರೆ ಸಾಕು, ಟ್ರಕ್ ತೆವಳುತ್ತ ಹತ್ತುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವೂ ಸಿಗುತ್ತದೆ. ಕನ್ವರ್ಟರ್ ಜಾರದಂತೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಬೆಸೆಯುವ ಲಾಕ್‌ಅಪ್‌ಗೆ ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಇಡಿಸಿದ್ದೇನೆ. ಈ ಗೇರ್‌ಬಾಕ್ಸ್‌ನಲ್ಲಿ ಅದು ಎರಡನೇ ಗೇರಿನಿಂದ ಮೇಲೆ ಮಾತ್ರ ಹಿಡಿಯುತ್ತದೆ. ನಿಲ್ಲಿಸುವ ಮುನ್ನ ಬಿಡಿಸದಿದ್ದರೆ ಎಂಜಿನ್ ಆರಿಹೋಗಬಹುದು.

ಪೆಟ್ಟಿಗೆಯ ಮೇಲೆ ಅಚ್ಚಾದ ಸ್ಟಾಲ್ ಅಂಕಿಯನ್ನು ನಂಬಿ ಕೊಳ್ಳಬೇಡಿ. ಅದೇ ಕನ್ವರ್ಟರ್ ಬಲವಾದ ಎಂಜಿನ್ ಹಿಂದೆ ಹೆಚ್ಚು ಆರ್‌ಪಿಎಂ ತೋರಿಸುತ್ತದೆ, ದುರ್ಬಲ ಎಂಜಿನ್ ಹಿಂದೆ ಕಡಿಮೆ. ಊರೆ ಮತ್ತು ಟೆಲ್ಯುರೈಡ್ ಪಟ್ಟಣಗಳ ನಡುವಿನ ಇಮೊಜೀನ್ ಕಣಿವೆದಾರಿ 13,000 ಅಡಿ ದಾಟುತ್ತದೆ. ಅಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಟಾರ್ಕ್ ಇಳಿಯುತ್ತದೆ, ಸ್ಟಾಲ್ ಕೂಡ ಜೊತೆಗೇ ಇಳಿಯುತ್ತದೆ. ಹೈ ರೇಂಜ್‌ನಲ್ಲಿ ನನ್ನ ಟ್ರಕ್ ಅಲ್ಲಿ ಬಹಳ ಮಂದ. ಲೋ ರೇಂಜ್‌ನ 2.61 ಅನುಪಾತವೇ ಕಾಪಾಡುತ್ತದೆ. ಸದಾ ಎತ್ತರದಲ್ಲೇ ಓಡಿಸುವವರು 2000ದ ಆಸುಪಾಸಿನದನ್ನು ಕೇಳಬಹುದು, ಅದಕ್ಕಿಂತ ಹೆಚ್ಚು ಬೇಡ.

ಎಂಜಿನ್ನಿನ ಕ್ಯಾಮ್ (ಕವಾಟ ತೆರೆಯುವ ದಂಡ), ಆಕ್ಸಲ್ ಅನುಪಾತ, ಟಯರಿನ ಗಾತ್ರ, ಟ್ರಕ್ಕಿನ ತೂಕ ಇವನ್ನು ವಿಚಾರಿಸದೆ ಬೆಲೆ ಹೇಳುವ ಅಂಗಡಿಯಿಂದ ಸುಮ್ಮನೆ ಹೊರಬನ್ನಿ. ಮಿಕ್ಕ ಹಣವನ್ನು ಎಣ್ಣೆಯ ಕೂಲರ್‌ಗೂ ತಾಪಮಾಪಕಕ್ಕೂ ಹಾಕಿ. ಮಾಪಕವಿಲ್ಲದೆ ಮರಳಿನಲ್ಲಿ ಓಡಿಸುವ ಧೈರ್ಯ ನನಗಂತೂ ಇಲ್ಲ.

ದೂರುಗಳೂ ಇವೆ. ಸಿಗ್ನಲ್‌ನಲ್ಲಿ ನಿಂತಾಗ ಟ್ರಕ್ ಮುಂದಕ್ಕೆ ಎಳೆಯುತ್ತದೆ, ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕನ್ವರ್ಟರ್ ಗೇರ್‌ಬಾಕ್ಸಿನ ಎಣ್ಣೆ ಪಂಪ್‌ನೊಳಗೆ ಪೂರ್ತಿ ಕೂರದೆ ಗೇರ್‌ಬಾಕ್ಸಿನ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಗೇರ್‌ಬಾಕ್ಸ್ ಎಂಜಿನ್ನಿಗೆ ಸೇರಿದ ಮೇಲೂ, ಕನ್ವರ್ಟರಿನ ಬೋಲ್ಟ್ ಹಾಕುವ ಮುನ್ನ, ಫ್ಲೆಕ್ಸ್‌ಪ್ಲೇಟಿಗೂ (ಎಂಜಿನ್ನಿನ ಹಿಂಬದಿಯ ತಟ್ಟೆ) ಕನ್ವರ್ಟರಿಗೂ ನಡುವೆ 3ರಿಂದ 5 ಮಿಲಿಮೀಟರ್ ಅಂತರ ಕಾಣಬೇಕು. ಇಷ್ಟು ಮುಖ್ಯವಾದ ಸಂಗತಿಯನ್ನು ತಿಳಿಸುವ ಒಂದು ಹಾಳೆಯೂ ಪೆಟ್ಟಿಗೆಯಲ್ಲಿರಲಿಲ್ಲ. ಐದಕ್ಕೆ ನಾಲ್ಕು ಅಂಕ. ಒಂದನ್ನು ಕಳೆದದ್ದು ಆ ಹಾಳೆಗಾಗಿ.